ಮಗುವಿನ ಜ್ವರದ ಸಿರಪ್: ಎಷ್ಟು ಎಂ.ಎಲ್?

ಪ್ಯಾರಸಿಟಮಾಲ್ ಕೊಡುವ ಮೊದಲು ಲೇಬಲ್ ಓದಿ. ಒಂದು ಸಿರಪ್‌ನಲ್ಲಿ 5 ಎಂ.ಎಲ್‌ಗೆ 125 ಮಿ.ಗ್ರಾಂ ಮದ್ದಿದ್ದರೆ ಇನ್ನೊಂದರಲ್ಲಿ 250. ಡ್ರಾಪ್ಸ್‌ನಲ್ಲಂತೂ ಸಾಮಾನ್ಯವಾಗಿ 1 ಎಂ.ಎಲ್‌ಗೇ 100. ಡಾಕ್ಟರು ಲೆಕ್ಕ ಹಾಕುವುದು ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂವರೆಗೆ. 10 ಕಿಲೋ ಮಗುವಿಗೆ 150 ಮಿ.ಗ್ರಾಂ: 125ರ ಸಿರಪ್ ಆದರೆ 6 ಎಂ.ಎಲ್, 250ರದ್ದು 3, ಡ್ರಾಪ್ಸ್ ಆದರೆ ಒಂದೂವರೆ ಎಂ.ಎಲ್.

ಎಡವಟ್ಟಾಗುವುದು ಇಲ್ಲೇ. ಹಳೆಯ ಬಾಟಲಿ ಮುಗಿದು 250ರದ್ದು ಮನೆಗೆ ಬಂದಿರುತ್ತದೆ, ಅಳತೆ ಮಾತ್ರ ಅದೇ 6. ಹೊಟ್ಟೆಗೆ ಹೋಗುವುದು ಎರಡು ಪಟ್ಟು ಮದ್ದು.

ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜೇ ವಾಸಿ. ಬಾಟಲಿ ಚೆನ್ನಾಗಿ ಕುಲುಕಿ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಕೆಲವು ನೆಗಡಿ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂರು ತಿಂಗಳೊಳಗಿನ ಕೂಸಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.