ಸಹಿಯಾದ ಎಪಿಎಆರ್ ತಿದ್ದಿಸುವುದು ಹೇಗೆ?

ಎಪಿಎಆರ್‌ಗೆ, ಅಂದರೆ ಮೇಲಧಿಕಾರಿ ಬರೆಯುವ ವಾರ್ಷಿಕ ಕಾರ್ಯಕ್ಷಮತೆ ವರದಿಗೆ, ಅದನ್ನು ಪರಿಶೀಲಿಸುವ ರಿವ್ಯೂಯಿಂಗ್ ಆಫೀಸರ್ ಸಹಿಯೂ ಬಿದ್ದ ಮೇಲೆ ಇನ್ನೇನು ಮಾಡಕ್ಕಾಗುತ್ತೆ ಎಂದು ಕೈಚೆಲ್ಲುವ ಕೇಂದ್ರ ಸರ್ಕಾರಿ ನೌಕರರು ತುಂಬಾ ಜನ. ಮಾಡಬಹುದು. ಆದರೆ ಸಮಯ ಕಡಿಮೆ.

ಮೊದಲು, ವರದಿ ಕೈಗೆ ಬಂದ ದಿನಾಂಕ ಬರೆದಿಡಿ. ವರದಿಯ ವಿರುದ್ಧ ಮನವಿ ಕೊಡಲು ಇರುವುದು 15 ದಿನ. ಕೊಡದಿದ್ದರೆ ನಿಮಗೆ ತಕರಾರಿಲ್ಲ ಎಂದೇ ಲೆಕ್ಕ.

ಆಮೇಲೆ ಅಂಕ ನೋಡಿ. ಹತ್ತಕ್ಕೆ 4ರಿಂದ 6ರೊಳಗೆ ಬಂದರೆ ‘ಗುಡ್’. ಬೈಗುಳವೇನಲ್ಲವಲ್ಲ ಎಂದು ಸುಮ್ನೆ ಇರಬೇಡಿ. ಎಂಎಸಿಪಿಗೆ (ಬಡ್ತಿ ಸಿಗದೆ ವರ್ಷಗಟ್ಟಲೆ ಉಳಿದವರಿಗೆ ಕೊಡುವ ವೇತನ ಏರಿಕೆಗೆ) ‘ವೆರಿ ಗುಡ್’ ಬೇಕು, ಅಂದರೆ ಕನಿಷ್ಠ 6. ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟ ದೇವ್ ದತ್ ಎಂಬ ನೌಕರರ ಪ್ರಕರಣದಲ್ಲೂ ಬಡ್ತಿಗೆ ಅಡ್ಡ ಬಂದದ್ದು ಒಂದು ‘ಗುಡ್’. ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಕೋರ್ಟ್ ಹೇಳಿತು. 2009ರ ಮೇ ತಿಂಗಳ ಡಿಒಪಿಟಿ (ಕೇಂದ್ರದ ಸಿಬ್ಬಂದಿ ಇಲಾಖೆ) ಆದೇಶ ಬಂದದ್ದು ಅದರ ನಂತರ.

ಈಗ ಮನವಿ. ಎಲ್ಲರೂ ಎಡವುವುದು ಇಲ್ಲೇ. ಎರಡು ಪುಟ ‘ಪ್ರಾಮಾಣಿಕವಾಗಿ ದುಡಿದಿದ್ದೇನೆ, ಸಾಹೇಬರಿಗೆ ನನ್ನ ಮೇಲೆ ದ್ವೇಷ’ ಎಂದು ಬರೆಯುತ್ತಾರೆ. ಮನವಿ ವರದಿಯಲ್ಲಿರುವ ನಿರ್ದಿಷ್ಟ ವಾಸ್ತವಾಂಶಗಳ ಬಗ್ಗೆ ಮಾತ್ರ ಇರಬೇಕೆಂದು ಆ 2009ರ ಆದೇಶವೇ ಹೇಳುತ್ತದೆ. ದ್ವೇಷದ ಮಾತು ನಿಜವೇ ಇರಬಹುದು, ಕಾಗದದ ಪುರಾವೆ ಇಲ್ಲದಿದ್ದರೆ ಬಿಟ್ಟುಬಿಡಿ.

ಒಂದೊಂದು ನಮೂದನ್ನೂ ಇದ್ದ ಹಾಗೇ ಎತ್ತಿ ಬರೆಯಿರಿ. ‘ಕಡತ ವಿಲೇವಾರಿ ನಿಧಾನ’ ಎಂದಿದೆಯಾ? ಅದರ ಕೆಳಗೆ ಕಡತದ ಸಂಖ್ಯೆ, ನಿಮ್ಮ ಮೇಜಿಗೆ ಬಂದ ದಿನ, ನೀವು ಕಳಿಸಿದ ದಿನ, ಉಳಿದ ದಿನಗಳಲ್ಲಿ ಅದು ಯಾರ ಬಳಿ ಇತ್ತು, ಇಷ್ಟು ಹಾಕಿ. ಪ್ರತಿಯನ್ನು ಲಗತ್ತಿಸಿ. ಸ್ವಯಂ ಮೌಲ್ಯಮಾಪನದಲ್ಲಿ ಇದೇ ಕೆಲಸ ಬರೆದಿದ್ದರೆ ಆ ಸಾಲನ್ನೂ ತೋರಿಸಿ. ಕೊನೆಗೆ ‘ಗ್ರೇಡ್ ಹೆಚ್ಚಿಸಿ’ ಎಂದಷ್ಟೇ ಕೇಳಬೇಡಿ. ಯಾವ ಅಂಶದ ಅಂಕ ಎಷ್ಟಾಗಬೇಕು, ಏಕೆ ಎಂದು ಕೇಳಿ. ನಾನಾದರೆ ಕೆಲಸದ ಪ್ರಮಾಣದ ಭಾಗದಿಂದಲೇ ಶುರು ಮಾಡುತ್ತೇನೆ. ಅದಕ್ಕೆ 40% ತೂಕ. ಗುಣಲಕ್ಷಣಕ್ಕೂ ಸಾಮರ್ಥ್ಯಕ್ಕೂ ತಲಾ 30%. ಜೊತೆಗೆ, ಕಡತದ ದಿನಾಂಕವನ್ನು ಯಾರೂ ಅಲ್ಲಗಳೆಯಲಾಗದು, ಅಲ್ವಾ?

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಮನವಿ ಮುಟ್ಟಲೇಬೇಡಿ. ಅದರಲ್ಲಿ ಕೋರ್ಟ್ ತೀರ್ಪುಗಳು ಜಾಸ್ತಿ, ನಿಮ್ಮ ಕೆಲಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ವರದಿ ಬರೆದ ರಿಪೋರ್ಟಿಂಗ್ ಆಫೀಸರ್ ಬಳಿ ಹೋಗಿ ‘ಸ್ವಲ್ಪ ತಿದ್ದಿಬಿಡಿ ಸರ್’ ಎಂದು ಗೋಗರೆಯುವುದೂ ವ್ಯರ್ಥ. ತಿದ್ದುವ ಅಧಿಕಾರ ಈಗ ಸಕ್ಷಮ ಪ್ರಾಧಿಕಾರದ್ದು. ಆ ಓಡಾಟದಲ್ಲೇ 15 ದಿನ ಕಳೆದುಹೋಗುತ್ತದೆ.

ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದೊಳಗೆ ತೀರ್ಮಾನ ಆಗಬೇಕು, ಆದ ಮೇಲೆ 15 ದಿನದೊಳಗೆ ನಿಮಗೆ ತಿಳಿಸಬೇಕು. ಕಾರಣವನ್ನೇ ಕೊಡದೆ ತಿರಸ್ಕರಿಸಿದರೆ ಕೇಂದ್ರ ಆಡಳಿತ ನ್ಯಾಯಮಂಡಳಿ ಇದೆ, ಬೆಂಗಳೂರಿನಲ್ಲೇ ಪೀಠವಿದೆ. ಆದೇಶ ಬಂದ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಅಲ್ಲಿಯೂ ಮೊದಲು ನೋಡುವುದು ನೀವು ಕೊಟ್ಟ ಆ ಮನವಿಯನ್ನೇ.