ಬೋಟ್‌ಗೆ ಸ್ಮಾರ್ಟ್ ಗ್ಲಾಸ್ ಹಾಕಿಸುವ ಮುಂಚೆ ಇದನ್ನು ನೋಡಿ

ಹೌಸ್‌ಬೋಟ್ ಕೋಣೆಗೆ ಪರದೆ ಬದಲು ಸ್ವಿಚ್ ಒತ್ತಿದರೆ ಮಸುಕಾಗುವ ಗಾಜು ಹಾಕಿಸಬೇಕು ಅಂತಿದ್ದೀರಾ? ಮಲಗುವ ಕೋಣೆಗೆ, ಬಚ್ಚಲಿಗೆ ಧಾರಾಳವಾಗಿ ಹಾಕಿಸಿ. ಒದ್ದೆ ಪರದೆಯ ಮುಗ್ಗಲು ವಾಸನೆ ತಪ್ಪುತ್ತದೆ. ಆದರೆ ಬೋಟ್ ನಡೆಸುವವರ ಮುಂದಿನ ಗಾಜಿಗೆ ಮಾತ್ರ ಬೇಡವೇ ಬೇಡ.

ಜಾಸ್ತಿ ಸಿಗುವುದು ಪಿಡಿಎಲ್‌ಸಿ ಗಾಜು. ಅದರೊಳಗೆ ಲಿಕ್ವಿಡ್ ಕ್ರಿಸ್ಟಲ್‌ನ ಸಣ್ಣ ಹನಿಗಳಿರುತ್ತವೆ. ಕರೆಂಟ್ ಇದ್ದಾಗ ಕ್ರಿಸ್ಟಲ್ ಒಂದೇ ದಿಕ್ಕಿಗೆ ತಿರುಗಿ ಗಾಜು ತಿಳಿಯಾಗುತ್ತದೆ. ಕರೆಂಟ್ ಹೋದರೆ ಹಾಲಿನಂತೆ ಬೆಳ್ಳಗಾಗುತ್ತದೆ. ನಡುನೀರಿನಲ್ಲಿ ಬ್ಯಾಟರಿ ಕೈಕೊಟ್ಟರೆ ಎದುರಿನ ದೋಣಿಯೇ ಕಾಣುವುದಿಲ್ಲ. ಜೀವದ ಪ್ರಶ್ನೆ ಅಲ್ವಾ?

ಬೋಟ್ ಬ್ಯಾಟರಿ ಸಾಮಾನ್ಯವಾಗಿ 12 ಅಥವಾ 24 ವೋಲ್ಟ್ ಡಿಸಿ. ಈ ಗಾಜಿಗೆ ಎಸಿ ಬೇಕು, ಹೆಚ್ಚಾಗಿ 48ರಿಂದ 65 ವೋಲ್ಟ್. ನೇರವಾಗಿ ಬ್ಯಾಟರಿಗೆ ಜೋಡಿಸಬೇಡಿ. ಅದೇ ಗಾಜಿಗೆ ಹೊಂದುವ ಡ್ರೈವರ್ (ಬ್ಯಾಟರಿಯ ಡಿಸಿಯನ್ನು ಗಾಜಿಗೆ ಬೇಕಾದ ಎಸಿಗೆ ಬದಲಿಸುವ ಪೆಟ್ಟಿಗೆ) ಕೇಳಿ ತೆಗೆದುಕೊಳ್ಳಿ, ಒಣ ಜಾಗದಲ್ಲಿ ಕೂರಿಸಿ.

ನನ್ನ ಪ್ರಕಾರ ಗಾಜು ಕೆಡುವುದು ಅಂಚಿನಿಂದಲೇ. ಉಪ್ಪುಗಾಳಿ, ತೇವ ಒಳಗೆ ಹೊಕ್ಕರೆ ಪದರ ಬಿಡುತ್ತದೆ, ವೈರ್ ಕೂಡುವ ಜಾಗ ತುಕ್ಕು ಹಿಡಿಯುತ್ತದೆ. ಮೇಲೆ ಅಂಟಿಸುವ ಫಿಲ್ಮ್‌ಗಿಂತ ಎರಡು ಗಾಜಿನ ನಡುವೆ ಲ್ಯಾಮಿನೇಟ್ ಮಾಡಿದ್ದೇ ಇಲ್ಲಿ ಒಳ್ಳೆಯದು. ಸೀಲ್ ಮಾಡಲು ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಒಣಗುವಾಗ ಆಮ್ಲ ಬಿಡದ ‘ನ್ಯೂಟ್ರಲ್ ಕ್ಯೂರ್’ ಸಿಲಿಕೋನನ್ನೇ ಹಾಕಿಸಿ. ಅಳತೆಯನ್ನೂ ಎರಡೆರಡು ಸಲ ನೋಡಿ. ತಯಾರಾದ ಲ್ಯಾಮಿನೇಟ್ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ.

ಸೆಕೆ ಕಡಿಮೆಯಾಗುತ್ತದೆ ಅಂತ ಸುಮ್ನೆ ನಂಬಬೇಡಿ. ಪಿಡಿಎಲ್‌ಸಿ ಬೆಳಕನ್ನು ಚದುರಿಸುತ್ತದೆ, ಹೆಚ್ಚೇನೂ ತಡೆಯುವುದಿಲ್ಲ. ಬಿಸಿಲೇ ತೊಂದರೆಯಾದರೆ ಕಪ್ಪಾಗುವ ಎಸ್‌ಪಿಡಿ ಗಾಜು ವಿಚಾರಿಸಿ. ಬೆಲೆ ಮಾತ್ರ ಜಾಸ್ತಿ.