ಗಾಯಗೊಂಡ ಸ್ಟಾರ್ಟಿಂಗ್ ಪಿಚರ್‌ನನ್ನು ತಂಡ ಉಳಿಸಿಕೊಳ್ಳಬೇಕೇ? ಲೆಕ್ಕ ಹಾಕುವ ಬಗೆ

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಆ ಪಂದ್ಯಗಳನ್ನು ಆರಂಭಿಸುವ ಹೊಣೆಯನ್ನು ಸಾಮಾನ್ಯವಾಗಿ ಐವರು ಸ್ಟಾರ್ಟಿಂಗ್ ಪಿಚರ್‌ಗಳು, ಎಂದರೆ ಪಂದ್ಯದ ಆರಂಭದಿಂದ ಬ್ಯಾಟರ್‌ಗಳಿಗೆ ಚೆಂಡೆಸೆಯುವವರು, ಸರದಿಯ ಮೇಲೆ ಹೊರುತ್ತಾರೆ. ಈ ಐವರಲ್ಲಿ ಒಬ್ಬರ ಮೊಣಕೈಯ ಎಂಆರ್‌ಐ ವರದಿ ಕೆಟ್ಟದಾಗಿ ಬಂದರೆ ಮೂವತ್ತರಷ್ಟು ಪಂದ್ಯಗಳಿಗೆ ಒಮ್ಮೆಲೇ ಬೇರೆಯವರನ್ನು ಹುಡುಕಬೇಕಾಗುತ್ತದೆ. ಆತ ಮೊದಲಿನಂತೆ ಎಸೆಯಬಲ್ಲನೇ ಎಂದು ಅಭಿಮಾನಿಗಳು ಕೇಳುವುದು ಸಹಜವೇ. ಆದರೆ ಉಳಿಸಿಕೊಳ್ಳುವ ತೀರ್ಮಾನಕ್ಕೆ ಆ ಪ್ರಶ್ನೆಯೊಂದೇ ಸಾಲದು. ಆತನಿಂದ ಯಾವ ವರ್ಷ ಎಷ್ಟು ಇನ್ನಿಂಗ್ಸ್ ಸಿಗಬಹುದು, ಅದಕ್ಕೆ ಎಷ್ಟು ಹಣ ತೆರಬೇಕು, ಅಲ್ಲಿಯವರೆಗೆ ತಂಡದ ಪಟ್ಟಿಯಲ್ಲಿ ಯಾರ ಜಾಗವನ್ನು ಆತನಿಗಾಗಿ ಹಿಡಿದಿಡಬೇಕು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಉತ್ತರ ಹೊಳೆಯುತ್ತದೆ. ತಮ್ಮ ತಂಡದ ಇಂಥ ತೀರ್ಮಾನವನ್ನು ತಾವೇ ತೂಗಿ ನೋಡಲು ಬಯಸುವವರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಮೊದಲು ನೋಡಬೇಕಾದದ್ದು ಒಪ್ಪಂದ

ತೀರ್ಮಾನಿಸಲು ನಿಜಕ್ಕೂ ಏನಾದರೂ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೇಜರ್ ಲೀಗ್‌ನ ದೀರ್ಘಾವಧಿ ಒಪ್ಪಂದಗಳು ಸಾಮಾನ್ಯವಾಗಿ ಖಾತರಿ ಒಪ್ಪಂದಗಳಾಗಿರುತ್ತವೆ. ಆಟಗಾರ ಗಾಯಗೊಂಡರೂ ಸಂಬಳ ನಿಲ್ಲುವುದಿಲ್ಲ, ಗಾಯಾಳುಗಳ ಪಟ್ಟಿಯಲ್ಲಿ ಕಳೆದ ದಿನಗಳೂ ಆತನ ಸೇವಾವಧಿಗೆ ಸೇರುತ್ತವೆ. ಹೀಗಿರುವಾಗ ಇನ್ನೂ ಮೂರು ವರ್ಷದ ಸಂಬಳ ಬಾಕಿ ಇರುವ ಪಿಚರ್‌ನನ್ನು ಕೈಬಿಟ್ಟರೆ ತಂಡಕ್ಕೆ ಉಳಿಯುವ ಹಣ ಹೆಚ್ಚುಕಡಿಮೆ ಏನೂ ಇಲ್ಲ. ಆತ ಚೇತರಿಸಿಕೊಂಡರೆ ಲಾಭ ಮಾತ್ರ ಬೇರೆ ತಂಡದ ಪಾಲಾಗುತ್ತದೆ.

ಟೆಕ್ಸಸ್ ರೇಂಜರ್ಸ್ ತಂಡ ಡಿಸೆಂಬರ್ 2022ರಲ್ಲಿ ಜೇಕಬ್ ಡಿಗ್ರಾಮ್ ಅವರೊಂದಿಗೆ ಐದು ವರ್ಷಕ್ಕೆ 185 ದಶಲಕ್ಷ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಆರೇ ಪಂದ್ಯಗಳನ್ನು ಆರಂಭಿಸಿದ ಅವರು ಜೂನ್‌ನಲ್ಲಿ ತಮ್ಮ ಎರಡನೆಯ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. ಆ ಹೊತ್ತಿನಲ್ಲಿ ಅವರನ್ನು ಬಿಟ್ಟುಬಿಡಬೇಕು ಎಂದು ಸಿಟ್ಟಿನಲ್ಲಿ ವಾದಿಸಿದವರು ಹಣ ಆಗಲೇ ಲೆಕ್ಕಕ್ಕೆ ಸೇರಿಹೋಗಿದೆ ಎಂಬುದನ್ನು ಮರೆತಿದ್ದರು. 2025ರಲ್ಲಿ ಅವರು 30 ಪಂದ್ಯಗಳನ್ನು ಆರಂಭಿಸಿ 2.97ರ ಇಆರ್‌ಎ ದಾಖಲಿಸಿದರು, ಎಂದರೆ ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಬಿಟ್ಟುಕೊಟ್ಟದ್ದು ಸರಾಸರಿ ಮೂರಕ್ಕಿಂತ ಕಡಿಮೆ ರನ್. ಅವರನ್ನು ಇಟ್ಟುಕೊಂಡದ್ದನ್ನು ತಂಡದ ಜಾಣ್ಮೆ ಎಂದು ಹೊಗಳಬೇಕಾದ ಅಗತ್ಯವೇನಿಲ್ಲ, ಏಕೆಂದರೆ ಅಲ್ಲಿ ಬೇರೆ ಆಯ್ಕೆ ಇರಲಿಲ್ಲ.

ನಿಜವಾದ ಆಯ್ಕೆ ಎದುರಾಗುವುದು ಕೆಲವೇ ಸಂದರ್ಭಗಳಲ್ಲಿ. ಮೂರರಿಂದ ಆರು ವರ್ಷದ ಸೇವೆಯ ನಡುವೆ ಇರುವ, ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಮೂಲಕ ಪ್ರತಿವರ್ಷ ಸಂಬಳ ನಿಗದಿಯಾಗುವ ಆಟಗಾರನಿಗೆ ಮುಂದಿನ ವರ್ಷದ ಒಪ್ಪಂದ ನೀಡಬೇಕೇ ಬೇಡವೇ ಎಂದು ತಂಡ ನವೆಂಬರ್‌ನಲ್ಲಿ ಹೇಳಬೇಕಾಗುತ್ತದೆ. ನೀಡದೆ ಬಿಡುವುದನ್ನು ನಾನ್-ಟೆಂಡರ್ ಎನ್ನುತ್ತಾರೆ. ಒಪ್ಪಂದದ ಕೊನೆಯ ವರ್ಷವನ್ನು ಮುಂದುವರಿಸುವ ಹಕ್ಕು ತಂಡದ ಕೈಯಲ್ಲಿದ್ದರೆ ಅದು ಇನ್ನೊಂದು ಸಂದರ್ಭ. ಒಪ್ಪಂದ ಮುಗಿದು ಹೊರನಡೆಯುತ್ತಿರುವ ಪಿಚರ್‌ನನ್ನು ಮತ್ತೆ ಕರೆಯಬೇಕೇ ಎಂಬುದು ಮಗದೊಂದು. ನಿಮ್ಮ ತಂಡದ ಪಿಚರ್ ಈ ಮೂರರಲ್ಲಿ ಯಾವುದಕ್ಕೂ ಸೇರದಿದ್ದರೆ ಆತನನ್ನು ಬೇರೆ ತಂಡಕ್ಕೆ ದಾಟಿಸುವ ಮಾರ್ಗವೊಂದೇ ಉಳಿಯುತ್ತದೆ, ಅದರ ಮಾತು ಕೊನೆಗೆ ಬರುತ್ತದೆ.

ಪಟ್ಟಿಯ ಜಾಗಕ್ಕೂ ಬೆಲೆಯಿದೆ

ಸಂಬಳದ ಅಂಕಿಯ ಮೇಲೆ ಕಣ್ಣಿಟ್ಟವರು ಬಹುತೇಕ ಮರೆಯುವುದು ನಲವತ್ತು ಜನರ ಪಟ್ಟಿಯನ್ನು. ಮೈದಾನಕ್ಕೆ ಇಳಿಯಲು ಸಿದ್ಧವಿರುವ 26 ಜನರೂ, ಕೆಳಹಂತದ ಮೈನರ್ ಲೀಗ್‌ನಿಂದ ಯಾವಾಗ ಬೇಕಾದರೂ ಮೇಲಕ್ಕೆ ಕರೆಯಬಹುದಾದ ಇನ್ನಷ್ಟು ಜನರೂ ಸೇರಿದ ಪಟ್ಟಿ ಅದು. ಪಿಚರ್‌ನನ್ನು 15 ದಿನಗಳ ಗಾಯಾಳು ಪಟ್ಟಿಗೆ ಸೇರಿಸಿದರೆ 26ರಲ್ಲಿ ಒಂದು ಜಾಗ ತೆರವಾಗುತ್ತದೆ, ಆದರೆ ನಲವತ್ತರಲ್ಲಿ ಆತ ಕುಳಿತೇ ಇರುತ್ತಾನೆ. 60 ದಿನಗಳ ಪಟ್ಟಿಗೆ ಸೇರಿಸಿದಾಗ ಮಾತ್ರ ನಲವತ್ತರ ಜಾಗವೂ ಬಿಡುವಾಗುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದೀರ್ಘಕಾಲದ ಗಾಯಾಳುವನ್ನು ಇಟ್ಟುಕೊಳ್ಳುವುದು ಪಟ್ಟಿಯ ದೃಷ್ಟಿಯಿಂದ ಭಾರವಲ್ಲ.

ಭಾರವಾಗುವುದು ಚಳಿಗಾಲದಲ್ಲಿ. ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದ ಕೂಡಲೇ 60 ದಿನಗಳ ಪಟ್ಟಿ ಇಲ್ಲವಾಗಿ ಎಲ್ಲ ಗಾಯಾಳುಗಳೂ ನಲವತ್ತಕ್ಕೆ ಮರಳಬೇಕಾಗುತ್ತದೆ, ಮತ್ತು ಫೆಬ್ರವರಿಯಲ್ಲಿ ವಸಂತ ಶಿಬಿರ ಆರಂಭವಾಗುವವರೆಗೆ ಅವರನ್ನು ಅಲ್ಲಿಂದ ಸರಿಸುವಂತಿಲ್ಲ. ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡಗಳು ನಿಮ್ಮ ತಂಡದ ಯುವ ಆಟಗಾರರನ್ನು ಎತ್ತಿಕೊಂಡು ಹೋಗದಂತೆ ನವೆಂಬರ್‌ನಲ್ಲಿ ಅದೇ ಪಟ್ಟಿಗೆ ಅವರನ್ನು ಸೇರಿಸಿಕೊಳ್ಳಬೇಕಾದ ಹೊತ್ತೂ ಅದೇ. ಮುಂದಿನ ಆಗಸ್ಟ್‌ವರೆಗೆ ಎಸೆಯಲಾರದ ಪಿಚರ್‌ಗಾಗಿ 22ರ ಹರೆಯದ ಒಬ್ಬ ಶಾರ್ಟ್‌ಸ್ಟಾಪ್ ಫೀಲ್ಡರ್‌ನನ್ನು ಕಳೆದುಕೊಳ್ಳಬೇಕಾಗಬಹುದು. ನಿಮ್ಮ ತಂಡದ ಮೈನರ್ ಲೀಗ್ ಬಡವಾಗಿದ್ದರೆ ಈ ಜಾಗದ ಬೆಲೆ ಕಡಿಮೆ, ಶ್ರೀಮಂತವಾಗಿದ್ದರೆ ಹೆಚ್ಚು. ಇದನ್ನು ಹೊರಗಿನವರೂ ಸುಲಭವಾಗಿ ಅಂದಾಜು ಮಾಡಬಹುದು.

ಗಾಯ ಎಲ್ಲಿ ಆಗಿದೆ?

ಕ್ರಿಕೆಟ್ ನೋಡಿ ಬೆಳೆದವರಿಗೆ ವೇಗದ ಬೌಲರ್ ಎಂದೊಡನೆ ಬೆನ್ನಿನ ಕೆಳಭಾಗದ ಮೂಳೆ ನೆನಪಾಗುತ್ತದೆ. ನಮ್ಮ ಪ್ರಸಿದ್ಧ್ ಕೃಷ್ಣ ಅವರು 2023ರ ಐಪಿಎಲ್ ತಪ್ಪಿಸಿಕೊಂಡದ್ದು ಅಂಥದೇ ಗಾಯದಿಂದ. ಪಿಚರ್‌ನ ವಿಷಯದಲ್ಲಿ ಕಣ್ಣಿಡಬೇಕಾದ ಜಾಗಗಳು ಮೊಣಕೈ ಮತ್ತು ಭುಜ, ಮತ್ತು ಇವೆರಡರ ನಡುವಿನ ವ್ಯತ್ಯಾಸ ಇಡೀ ತೀರ್ಮಾನವನ್ನೇ ತಿರುಗಿಸಬಲ್ಲದು.

ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದಿಡುವ ಅಸ್ಥಿರಜ್ಜು ಹರಿದರೆ, ದೇಹದ ಬೇರೆಡೆಯಿಂದ, ಹೆಚ್ಚಾಗಿ ಮುಂಗೈಯಿಂದ, ಸ್ನಾಯುರಜ್ಜೊಂದನ್ನು ತೆಗೆದು ಮೂಳೆಯಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಹೊಸ ಕಟ್ಟು ಕಟ್ಟುತ್ತಾರೆ. ಸೆಪ್ಟೆಂಬರ್ 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರಿಗೆ ಮೊದಲ ಬಾರಿ ಈ ಶಸ್ತ್ರಚಿಕಿತ್ಸೆ ಮಾಡಿದರು. 1975ನ್ನು ಪೂರ್ತಿ ಹೊರಗೆ ಕಳೆದ ಟಾಮಿ ಜಾನ್, ಮರಳಿದ ಮೇಲೆ 164 ಪಂದ್ಯಗಳನ್ನು ಗೆದ್ದು 1989ರವರೆಗೆ ಆಡಿದರು. ಇಂದು ಈ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು. ಸ್ಟಾರ್ಟರ್ ಮರಳಲು ಹದಿನಾಲ್ಕರಿಂದ ಹದಿನೆಂಟು ತಿಂಗಳು ಬೇಕೆಂದು ಇಟ್ಟುಕೊಂಡರೆ ಲೆಕ್ಕ ತಪ್ಪುವುದು ಅಪರೂಪ. ಪೂರ್ತಿ ಹರಿಯದ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯಿಲ್ಲದೆಯೂ ತಾಳಿಕೊಳ್ಳುವುದುಂಟು: ನ್ಯೂಯಾರ್ಕ್ ಯಾಂಕೀಸ್‌ನ ಮಸಾಹಿರೊ ತನಾಕಾ 2014ರಲ್ಲಿ ಭಾಗಶಃ ಹರಿದ ಅಸ್ಥಿರಜ್ಜಿಗೆ ವಿಶ್ರಾಂತಿ ಮತ್ತು ಚುಚ್ಚುಮದ್ದಿನ ಚಿಕಿತ್ಸೆ ಪಡೆದು 2020ರವರೆಗೆ ಆ ತಂಡಕ್ಕೆ ಎಸೆದರು.

ಭುಜದ ಕಥೆ ಇಷ್ಟು ಸರಳವಲ್ಲ. ಭುಜದ ಕೀಲನ್ನು ಮುಂಭಾಗದಿಂದ ಹಿಡಿದಿಡುವ ಕವಚ ಹರಿದವರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಯೋಹಾನ್ ಸಂಟಾನಾ ಒಬ್ಬರು. 2010ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2011ನ್ನು ಕಳೆದುಕೊಂಡ ಅವರು, 2012ರ ಜೂನ್ 1ರಂದು 134 ಬಾರಿ ಚೆಂಡೆಸೆದು ಎದುರಾಳಿಗೆ ಒಂದೂ ಹಿಟ್ ಕೊಡದೆ ಮೆಟ್ಸ್ ಇತಿಹಾಸದ ಮೊದಲ ನೋ-ಹಿಟರ್ ಸಾಧಿಸಿದರು. ಆದರೆ ಆ ವರ್ಷದ ನಂತರ ಮೇಜರ್ ಲೀಗ್‌ನಲ್ಲಿ ಅವರು ಎಸೆಯಲೇ ಇಲ್ಲ. ಕವಚ ಮತ್ತೆ ಹರಿದಿತ್ತು. ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ನಡುವೆ ನರ, ರಕ್ತನಾಳಗಳು ಒತ್ತಿಹೋಗುವ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇನ್ನೂ ಕೆಟ್ಟದ್ದು. ಮ್ಯಾಟ್ ಹಾರ್ವಿ 2016ರಲ್ಲಿ ಅದರ ಶಸ್ತ್ರಚಿಕಿತ್ಸೆಯ ನಂತರ ಹಿಂದಿನ ಮಟ್ಟಕ್ಕೆ ಬರಲಿಲ್ಲ. 2019ರ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರರಾಗಿದ್ದ ಸ್ಟೀಫನ್ ಸ್ಟ್ರಾಸ್‌ಬರ್ಗ್, ಅದೇ ಚಳಿಗಾಲದಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್‌ನಿಂದ ಏಳು ವರ್ಷಕ್ಕೆ 245 ದಶಲಕ್ಷ ಡಾಲರ್ ಒಪ್ಪಂದ ಪಡೆದು, ಆ ಬಳಿಕ ಎಂಟೇ ಪಂದ್ಯಗಳಲ್ಲಿ ಎಸೆದು 2024ರಲ್ಲಿ ನಿವೃತ್ತರಾದರು.

ನನ್ನ ಅಳತೆಗೋಲು ಹೀಗಿದೆ: ಮೊಣಕೈಯ ಮೊದಲ ಶಸ್ತ್ರಚಿಕಿತ್ಸೆಯಾಗಿದ್ದರೆ ಉಳಿಸಿಕೊಳ್ಳುವ ಕಡೆಗೆ ವಾಲಿ, ಎರಡನೆಯದಾದರೆ ಬೆಲೆ ನೋಡಿ, ಭುಜದ ಕವಚವಾದರೆ ಬೆಲೆ ಇಳಿಯದ ಹೊರತು ಒಪ್ಪಬೇಡಿ, ಥೊರಾಸಿಕ್ ಔಟ್‌ಲೆಟ್ ಆದರೆ, ಖಾತರಿ ಒಪ್ಪಂದವಿಲ್ಲದಿದ್ದಲ್ಲಿ, ಕೈಬಿಡಿ.

ಬೆಲೆ ಕಟ್ಟುವುದು: ವುಡ್‌ರಫ್ ಪ್ರಕರಣ

ಬೆಲೆ ಇಳಿಸುವುದೆಂದರೇನು ಎಂಬುದಕ್ಕೆ ಮಿಲ್ವಾಕೀ ಬ್ರೂವರ್ಸ್ ತಂಡದ ಬ್ರ್ಯಾಂಡನ್ ವುಡ್‌ರಫ್ ಅವರ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 2023ರಲ್ಲಿ ಅವರು 11 ಪಂದ್ಯಗಳನ್ನು ಆರಂಭಿಸಿ 2.28ರ ಇಆರ್‌ಎ ಸಾಧಿಸಿದ್ದರು. ಪ್ಲೇಆಫ್ ಹೊಸ್ತಿಲಲ್ಲಿ ಭುಜ ಮತ್ತೆ ಕೈಕೊಟ್ಟಿತು, ಅಕ್ಟೋಬರ್‌ನಲ್ಲಿ ಭುಜದ ಕವಚಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಅವರ ಮೇಲೆ ತಂಡಕ್ಕೆ ಉಳಿದಿದ್ದ ಹಕ್ಕು 2024ರ ಒಂದೇ ವರ್ಷ, ಆ ವರ್ಷ ಅವರು ಬಹುಪಾಲು ಎಸೆಯಲಾರರು ಎಂಬುದು ಗೊತ್ತಿದ್ದ ಸಂಗತಿ. ಆರ್ಬಿಟ್ರೇಷನ್ ದಾರಿ ಹಿಡಿದಿದ್ದರೆ ಆಡದ ವರ್ಷಕ್ಕೆ ಹತ್ತು ದಶಲಕ್ಷಕ್ಕಿಂತ ಹೆಚ್ಚು ಡಾಲರ್ ಕೊಟ್ಟು, ಆಡುವ ವರ್ಷಕ್ಕೆ ಅವರನ್ನು ಬೇರೆಯವರಿಗೆ ಒಪ್ಪಿಸಿದಂತಾಗುತ್ತಿತ್ತು.

ಬ್ರೂವರ್ಸ್ ನವೆಂಬರ್‌ನಲ್ಲಿ ಅವರನ್ನು ನಾನ್-ಟೆಂಡರ್ ಮಾಡಿತು. ಅಭಿಮಾನಿಗಳಿಗೆ ನೋವಾಯಿತು, ನಿಜ. ಆದರೆ ಫೆಬ್ರವರಿ 2024ರಲ್ಲಿ ಅದೇ ತಂಡ ಅವರನ್ನು ಎರಡು ವರ್ಷಕ್ಕೆ 17.5 ದಶಲಕ್ಷ ಡಾಲರ್‌ಗಳ ಖಾತರಿಯೊಂದಿಗೆ ಮರಳಿ ಕರೆತಂದಿತು. ಆ ಮೊತ್ತದಲ್ಲಿ 2024ರ ಪಾಲು ಚಿಕ್ಕದು, ಹೆಚ್ಚಿನ ಭಾಗ 2025ಕ್ಕೂ ಅದರಾಚೆಗೂ ಹಂಚಿತ್ತು. 2024 ಪೂರ್ತಿ ಖಾಲಿ ಹೋಯಿತು. ಜುಲೈ 2025ರಲ್ಲಿ ಮರಳಿದ ವುಡ್‌ರಫ್ ಅವರ ವೇಗ ಮೊದಲಿಗಿಂತ ಗಂಟೆಗೆ ಎರಡು ಮೂರು ಮೈಲಿ ಕಡಿಮೆಯಾಗಿತ್ತು, ಆದರೂ 12 ಪಂದ್ಯಗಳಲ್ಲಿ 3.20ರ ಇಆರ್‌ಎ ಬಂತು. ಸೆಪ್ಟೆಂಬರ್‌ನಲ್ಲಿ ಬೆನ್ನಿನ ಪಕ್ಕದ ಸ್ನಾಯು ಎಳೆದುಕೊಂಡು ಪ್ಲೇಆಫ್ ಮತ್ತೆ ತಪ್ಪಿತು. ಎರಡು ವರ್ಷಕ್ಕೆ ಹನ್ನೆರಡು ಪಂದ್ಯಗಳ ಆರಂಭ: ಭುಜದ ಗಾಯಕ್ಕೆ ಇದು ಒಳ್ಳೆಯ ಫಲವೆಂದೇ ನಾನು ಹೇಳುತ್ತೇನೆ, ಮತ್ತು ಹಳೆಯ ಬೆಲೆಗೆ ಇದು ದುಬಾರಿಯಾಗುತ್ತಿತ್ತು ಎಂಬುದನ್ನೂ ಸೇರಿಸುತ್ತೇನೆ.

ಈ ಮಾದರಿಯ ಒಪ್ಪಂದವನ್ನು ಹೊರಗಿನ ತಂಡಗಳೂ ಬಳಸುತ್ತವೆ. ಟ್ಯಾಂಪಾ ಬೇ ರೇಸ್ ತಂಡ 2017ರ ಆರಂಭದಲ್ಲಿ, ಎರಡನೆಯ ಬಾರಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿದ್ದ ನೇಥನ್ ಇಯೋವಾಲ್ಡಿ ಅವರಿಗೆ ಆ ವರ್ಷಕ್ಕೆ 2 ದಶಲಕ್ಷ ಡಾಲರ್ ಕೊಟ್ಟು, ಅಷ್ಟೇ ಮೊತ್ತಕ್ಕೆ 2018ರ ಹಕ್ಕನ್ನೂ ಇಟ್ಟುಕೊಂಡಿತು. 2018ರಲ್ಲಿ ಅವರು ಮರಳಿದರು. ಜುಲೈನಲ್ಲಿ ರೇಸ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಕೊಟ್ಟು ಒಬ್ಬ ಯುವ ಪಿಚರ್‌ನನ್ನು ಪಡೆಯಿತು. ಅಕ್ಟೋಬರ್‌ನಲ್ಲಿ ಬಾಸ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು. ನಿಮ್ಮ ತಂಡ ತನ್ನ ಪಿಚರ್‌ನನ್ನು ಬಿಟ್ಟರೆ ಇಂಥ ತಂಡಗಳು ಕಾದು ಕುಳಿತಿರುತ್ತವೆ ಎಂಬುದು ಲೆಕ್ಕದಲ್ಲಿರಲಿ. ವುಡ್‌ರಫ್ ಮರಳಿ ಬಂದರೆಂದು ಎಲ್ಲರೂ ಬರುತ್ತಾರೆ ಎಂದುಕೊಳ್ಳಬಾರದು.

ಚೇತರಿಕೆಯಲ್ಲಿ ಏನನ್ನು ಗಮನಿಸಬೇಕು

ಸಮತಟ್ಟಾದ ನೆಲದಲ್ಲಿ ಹತ್ತಿರದಿಂದ ಎಸೆಯುವುದು, ನಂತರ 120 ಅಡಿಯವರೆಗೆ ದೂರ ಹೆಚ್ಚಿಸುವುದು, ಆಮೇಲೆ ಪಿಚಿಂಗ್ ದಿಬ್ಬದ ಮೇಲಿಂದ, ಕೊನೆಗೆ ನಿಜವಾದ ಬ್ಯಾಟರ್‌ಗಳ ಎದುರು, ಅಲ್ಲಿಂದ ಮೈನರ್ ಲೀಗ್ ಪಂದ್ಯಗಳಿಗೆ, ಹೀಗೆ ಮೆಟ್ಟಿಲುಗಳಿರುತ್ತವೆ. ತಂಡದ ಪ್ರಕಟಣೆಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನೀವು ನೋಡಬೇಕಾದದ್ದು ಆತ ಒಂದು ಮೆಟ್ಟಿಲಿನಿಂದ ಹಿಂದಕ್ಕೆ ಹೋದನೇ ಎಂಬುದನ್ನು. ಮೈನರ್ ಲೀಗ್ ಪಂದ್ಯದಲ್ಲಿ ಎಷ್ಟು ರನ್ ಹೋಯಿತು ಎನ್ನುವುದು ಮುಖ್ಯವಲ್ಲ. ನಾಲ್ಕನೆಯ ಇನ್ನಿಂಗ್ಸ್‌ನಲ್ಲೂ ಮೊದಲ ಇನ್ನಿಂಗ್ಸ್‌ನ ವೇಗ ಉಳಿದಿತ್ತೇ, ಐದು ದಿನದ ನಂತರ ಮತ್ತೆ ಎಸೆದನೇ ಎಂಬುದು ಮುಖ್ಯ. ಹೂಸ್ಟನ್ ಆಸ್ಟ್ರೋಸ್ ತಂಡ ಎರಡು ವರ್ಷಗಳಲ್ಲಿ ಒಂದೇ ಪಂದ್ಯ ಆಡಿದ್ದ ಜಸ್ಟಿನ್ ವರ್ಲಾಂಡರ್ ಅವರಿಗೆ 2022ಕ್ಕಾಗಿ 25 ದಶಲಕ್ಷ ಡಾಲರ್ ಕೊಟ್ಟದ್ದು, ನವೆಂಬರ್ 2021ರಲ್ಲಿ ಅವರು ಅನೇಕ ತಂಡಗಳ ಪ್ರತಿನಿಧಿಗಳ ಕಣ್ಣೆದುರು ಎಸೆದು ತೋರಿಸಿದ ಮೇಲೆ. 39ರ ವಯಸ್ಸಿನಲ್ಲಿ ಅವರು 1.75ರ ಇಆರ್‌ಎಯೊಂದಿಗೆ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು.

ಬೇರೆ ತಂಡಕ್ಕೆ ಕೊಡುವ ಮುನ್ನ

ಗಾಯಗಳ ಪಟ್ಟಿ ಉದ್ದವಿದೆ ಎಂಬ ಕಾರಣಕ್ಕೆ ಪಿಚರ್‌ನನ್ನು ದಾಟಿಸುವ ಮುನ್ನ ಪ್ರತಿಯೊಂದು ಗಾಯಕ್ಕೂ ಎಸೆತಕ್ಕೂ ಸಂಬಂಧವಿದೆಯೇ ಎಂದು ಬಿಡಿಸಿ ನೋಡಿ. ಬಾಸ್ಟನ್‌ನಲ್ಲಿ ಕ್ರಿಸ್ ಸೇಲ್ ಅವರು ಮಾರ್ಚ್ 2020ರ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಪದೇಪದೇ ಹೊರಗುಳಿದರು. ಆದರೆ 2022ರಲ್ಲಿ ಅವರ ಬೆರಳು ಮುರಿದದ್ದು ಬ್ಯಾಟರ್ ಹೊಡೆದ ಚೆಂಡು ನೇರವಾಗಿ ಬಂದು ಬಡಿದದ್ದರಿಂದ, ಮಣಿಕಟ್ಟು ಮುರಿದದ್ದು ಸೈಕಲ್‌ನಿಂದ ಬಿದ್ದದ್ದರಿಂದ. ಮೊಣಕೈ ಆಗಲೇ ಗುಣವಾಗಿತ್ತು. ಬಾಸ್ಟನ್ ಡಿಸೆಂಬರ್ 2023ರಲ್ಲಿ ಅವರನ್ನು, ಜೊತೆಗೆ 17 ದಶಲಕ್ಷ ಡಾಲರ್‌ಗಳನ್ನೂ ಸೇರಿಸಿ, ಒಬ್ಬ ಯುವ ಇನ್‌ಫೀಲ್ಡರ್‌ಗಾಗಿ ಅಟ್ಲಾಂಟಾ ಬ್ರೇವ್ಸ್‌ಗೆ ಕಳುಹಿಸಿತು. ಸೇಲ್ 2024ರಲ್ಲಿ 18 ಪಂದ್ಯ ಗೆದ್ದು, ಮೂರು ಸೋತು, 2.38ರ ಇಆರ್‌ಎಯೊಂದಿಗೆ ನ್ಯಾಷನಲ್ ಲೀಗ್‌ನ ಸೈ ಯಂಗ್ ಪ್ರಶಸ್ತಿ ಪಡೆದರು. ಹಾಗಾಗಿ ಕಾಗದದ ಮೇಲೆ ಗಾಯಗಳನ್ನು ಬರೆಯುವಾಗ ಎರಡು ಸಾಲು ಮಾಡಿ: ತೋಳು ಸವೆದದ್ದರಿಂದ ಆದವು ಒಂದು ಕಡೆ, ಆಕಸ್ಮಿಕವಾದವು ಇನ್ನೊಂದು ಕಡೆ. ತೀರ್ಮಾನಕ್ಕೆ ಮೊದಲ ಸಾಲಿನಲ್ಲಿರುವುದನ್ನಷ್ಟೇ ಎಣಿಸಿದರೆ ಸಾಕು.